ಡಾಂಬರಿಗೂ ಎರೆಮಣ್ಣಿಗೂ ಒಂದೇ ಸೈಕಲ್ಲು

ಮಧ್ಯಾಹ್ನ ಊಟ ಮಾಡಿ ಒರಗಿದರೆ ಈಗಲೂ ಅರೆನಿದ್ದೆಯಲ್ಲಿ ಸೈಕಲ್ಲಿನ ಹಿಂದಿನ ಗಾಲಿ ತಿರುಗುವ ಸದ್ದು ಕೇಳುತ್ತದೆ. ಯಾರೋ ಸ್ಟ್ಯಾಂಡ್ ಹಾಕಿದ ಸೈಕಲ್ ಮೇಲೆ ಕಣ್ಣು ಮುಚ್ಚಿ ಕೂತು, ನಿಧಾನವಾಗಿ ಪೆಡಲ್ ತುಳಿಯುತ್ತ ನನಗೊಂದು ದಾರಿ ಹೇಳುತ್ತಿರುತ್ತಾರೆ. ಮುಖ ಕಾಣುವುದಿಲ್ಲ, ದಾರಿ ಮಾತ್ರ ಕಾಣುತ್ತದೆ. ಎರಡೂ ಕಡೆ ಎದೆಮಟ್ಟ ಬೆಳೆದ ಜೋಳ, ಗಾಳಿ ಬಂದಾಗ ಅಷ್ಟೂ ಒಂದೇ ಕಡೆ ಬಾಗುತ್ತದೆ. ಮುಂದೊಂದು ಹುಣಸೆಮರ. ಅದರಾಚೆ ದಾರಿ ಬಿಸಿಲಲ್ಲಿ ಬೆಳ್ಳಗಾಗಿ ಎಲ್ಲಿ ನೆಲ, ಎಲ್ಲಿ ಆಕಾಶ ತಿಳಿಯುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಎಚ್ಚರವಾಗಿಬಿಡುತ್ತದೆ. ನೀವು ಅಂಗಡಿ ಬಿಟ್ಟರೂ ಅಂಗಡಿ ನಿಮ್ಮನ್ನು ಬಿಟ್ಟಿಲ್ಲ ಎಂದು ನನ್ನ ಹೆಂಡತಿ ಮಹಾನಂದಾ ನಗುತ್ತಾಳೆ.

ನನ್ನ ಹೆಸರು ಗುರುಸಿದ್ದಪ್ಪ. ಸೊಲ್ಲಾಪುರದ ಪೇಟೆಯ ಒಂದು ಸೈಕಲ್ ಅಂಗಡಿಗೆ ಮೀಸೆ ಮೂಡುವಾಗ ಸೇರಿದವನು, ಮೀಸೆ ಬೆಳ್ಳಗಾದ ಮೇಲೆ ಹೊರಬಿದ್ದೆ. ಪಂಕ್ಚರ್ ತೆಗೆಯುವುದು, ಸೊಟ್ಟಾದ ಗಾಲಿ ನೆಟ್ಟಗೆ ಮಾಡುವುದು ನನ್ನ ಕೆಲಸವಾಗಿರಲಿಲ್ಲ. ಬಂದ ಗಿರಾಕಿಗೆ ಯಾವ ಸೈಕಲ್ ಒಗ್ಗುತ್ತದೆ ಎಂದು ನೋಡಿ ಕೊಡುವುದಷ್ಟೇ ನನ್ನ ಪಾಲಿನದು. ಅಂಗಡಿಯನ್ನು ಈಗ ನಡೆಸುವವಳು ಮಾಲಕರ ಮಗಳು ಪ್ರಾಜಕ್ತಾ. ಹೊಸದಾಗಿ ಕೆಲಸಕ್ಕೆ ಬರುವವರಿಗೆ ಉಪಯೋಗವಾಗುವಂಥ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದವಳೂ ಅವಳೇ. ಬರೆದರೆ ಕನ್ನಡದಲ್ಲೇ, ನಾನು ಕಲಿತ ಸಾಲೆ ಅದು ಎಂದೆ.

"ಕಾಕಾ, ಮನ್ಯಾಗ ಮಾತಾಡ್ತೀನಿ ಖರೆ, ಮರಾಠಿ ಸಾಲ್ಯಾಗ ಕಲತಾಕಿ, ಓದಾಕ ನನಗೆಲ್ಲಿ ಬರ್ತದ?" ಎಂದಳು. ಓದಿ ಹೇಳಲು ನಾನಿದ್ದೇನಲ್ಲ, ಕೂತು ಕೇಳಲಿ.

ನಾನು ಕೆಲಸ ಬಿಡುವ ದಿನ ಅವಳು ಎಲ್ಲರ ಮುಂದೆ ನನಗೆ ಶಾಲು ಹೊದಿಸಿ, ಅಂಗಡಿಯಲ್ಲಿರುವ ಯಾವ ಸೈಕಲ್ಲನ್ನಾದರೂ ಆರಿಸಿಕೊಳ್ಳಿ, ಅದು ನಮ್ಮ ಕಡೆಯಿಂದ ಎಂದಳು. ರಸ್ತೆಯ ಮೇಲೂ ನಡೆಯಬೇಕು, ಹೊಲದ ದಾರಿಯಲ್ಲೂ ನಡೆಯಬೇಕು, ಅಂಥದ್ದೇ ಇರಲಿ ಎಂದೂ ಸೇರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಧ ಜಿಲ್ಲೆಗೆ ಸೈಕಲ್ ಆರಿಸಿಕೊಟ್ಟವನು ತನಗೊಂದು ಆರಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಆದರೆ ಆ ದಿನ ನನಗೆ ಆರಿಸಲಾಗಲಿಲ್ಲ. ಮರುವಾರವೂ ಆಗಲಿಲ್ಲ. ಬೇಸಿಗೆ ಬಂತು, ಹೋಯಿತು. ಕಂಡಾಗಲೆಲ್ಲ ಪ್ರಾಜಕ್ತಾ ಕೇಳುವಳು, ನಾನು ನಾಳೆ ಎನ್ನುವೆ. ನನ್ನ ತೊಂದರೆ ಏನೆಂದು ಹೇಳಬೇಕಾದರೆ ನಾನು ಕೆಲಸ ಮಾಡುತ್ತಿದ್ದ ರೀತಿಯನ್ನು ಮೊದಲು ಹೇಳಬೇಕು.

ನಾನು ಸೇರಿದಾಗ ಆರಿಸುವುದಕ್ಕೆ ಅಂಥದ್ದೇನೂ ಇರಲಿಲ್ಲ. ಕರಿಯ ದೊಡ್ಡ ಸೈಕಲ್ಲುಗಳು ಸಾಲಾಗಿ ನಿಂತಿರುತ್ತಿದ್ದವು. ಎತ್ತರ ನೋಡಿ ದೊಡ್ಡದೋ ಸಣ್ಣದೋ ಎಂದು ಕೊಟ್ಟರೆ ಮುಗಿಯಿತು. ಪ್ರಾಜಕ್ತಾಳ ತಂದೆ, ನಮ್ಮ ಹಿರಿಯ ಮಾಲಕರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಗಿರಾಕಿ ಒಮ್ಮೆ ಬೆಲ್ ಬಾರಿಸಿದನೆಂದರೆ ಸೈಕಲ್ ಅವನದಾಯಿತು ಎಂಬುದು ಅವರ ನಂಬಿಕೆ. ಹಾಗಾಗಿ ಬೆಲ್ಲುಗಳನ್ನು ದಿನಾ ಬೆಳಿಗ್ಗೆ ನನ್ನಿಂದ ಒರೆಸಿಸುತ್ತಿದ್ದರು.

ಒಂದು ದಿನ ಭಂಡಾರಕವಠೆಯಿಂದ ಒಬ್ಬ ರೈತ ಬಂದ. ಸಿದ್ರಾಮ ಅಂತ ಹೆಸರು, ಮಾತು ಬಲು ಕಡಿಮೆ. ಯಾವುದು ಬೇಕು ಎಂದರೆ ನೀವೇ ಹೇಳಿ ಎನ್ನುವನು. ಎಲ್ಲಿ ಓಡಿಸುತ್ತೀರಿ ಎಂದರೆ ನಮ್ಮ ಕಡೆ ಎನ್ನುವನು. ಬೇಸತ್ತು ಒಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಕೂತು ತುಳಿದಾದರೂ ನೋಡಿ ಎಂದೆ. ಕೂತ. ತುಳಿಯುತ್ತ ತುಳಿಯುತ್ತ ಅವನ ಕಣ್ಣು ತಾನೇ ಮುಚ್ಚಿಕೊಂಡಿತು. ಆಮೇಲೆ ಬಾಯಿ ಬಿಟ್ಟ. ಮನೆಯಿಂದ ಹೊರಟ, ಓಣಿಯ ಹಾಸುಗಲ್ಲು ದಾಟಿದ, ಊರ ಹೊರಗಿನ ರಸ್ತೆ ಹಿಡಿದ, ಅಲ್ಲಿಂದ ಇಳಿದು ಕಪ್ಪು ಮಣ್ಣಿನ ಎರೆಹೊಲದ ಬಂಡಿದಾರಿಗೆ ಬಿದ್ದ. ಬಂಡಿದಾರಿಗೆ ಬಂದಾಗ ಅವನ ಮೈ ಸಣ್ಣಗೆ ಕುಲುಕಾಡಿತು. ಗಾಲಿಯ ಕೆಳಗೆ ಏನೂ ಇರಲಿಲ್ಲ, ನಿಂತಲ್ಲೇ ನಿಂತ ಸೈಕಲ್ಲು. ಭೀಮೆಯ ದಂಡೆಗೆ ಬಂದವನೇ ತುಳಿಯುವುದು ನಿಲ್ಲಿಸಿದ. ಅಷ್ಟೂ ಹೊತ್ತು ಪಕ್ಕದಲ್ಲಿ ನಿಂತಿದ್ದ ನನಗೆ ನೀರಿನ ತಂಪು ಮುಖಕ್ಕೆ ಬಡಿದಂತಾಯಿತು.

ಅವತ್ತಿನಿಂದ ನಾನು ಯಾರಿಗೂ ಯಾವ ಸೈಕಲ್ ಬೇಕು ಎಂದು ಕೇಳಿದವನಲ್ಲ. ಕೂರಿಸುವುದು, ಕಣ್ಣು ಮುಚ್ಚಿ ದಾರಿ ಹೇಳಿ ಎನ್ನುವುದು. ಮಾಲಕರಿಗೆ ಇದು ಹಿಡಿಸಲಿಲ್ಲ. "ಇದೇನ ಹಿಟ್ಟಿನ ಗಿರಣಿ ಏನೋ ಗುರುಸಿದ್ದ, ಬಂದವ್ರನೆಲ್ಲ ಕುಂಡ್ರಿಸಿ ತಿರುವಾಕ ಹಚ್ಚೀದಿ?" ಎಂದು ಎಲ್ಲರೆದುರೇ ಬೈದರು. ಆದರೆ ಒಮ್ಮೆ ಮಧ್ಯಾಹ್ನ ಯಾರೂ ಇಲ್ಲದಾಗ ಅವರೇ ಒಂದು ಸೈಕಲ್ ಮೇಲೆ ಕೂತು ಕಣ್ಣು ಮುಚ್ಚಿದ್ದನ್ನು ನಾನು ಒಳಗಿನ ಕೋಣೆಯಿಂದ ನೋಡಿದೆ. ಎಲ್ಲಿಗೆ ಹೋಗಿದ್ದರೋ ಕಾಣೆ, ಮುಖದ ಮೇಲೆ ಸಿಟ್ಟಿನ ಸುಳಿವೇ ಇರಲಿಲ್ಲ.

ಹೀಗೆ ಕೂರಿಸಿದಾಗ ಜನ ಎಷ್ಟು ದಾರಿ ಹೇಳಿದರು! ನೆಂಟರ ಮದುವೆ ಮುಂಜಿ ಬಿಟ್ಟರೆ ನಾನು ಸೊಲ್ಲಾಪುರ ದಾಟಿದವನಲ್ಲ, ಹಬ್ಬಹುಣ್ಣಿಮೆಯಲ್ಲೂ ಅಂಗಡಿ ತೆರೆದಿರುತ್ತಿತ್ತು. ಆದರೂ ಈ ಸೀಮೆಯ ದಾರಿಗಳೆಲ್ಲ ನನಗೆ ಗೊತ್ತು ಎನ್ನುವ ಭ್ರಮೆ ಹುಟ್ಟಿಬಿಟ್ಟಿತು. ರಾತ್ರಿ ಮಲಗಿದರೆ ಒಬ್ಬರ ದಾರಿ ಇನ್ನೊಬ್ಬರ ದಾರಿಗೆ ಕೂಡಿಕೊಳ್ಳುತ್ತಿತ್ತು. ವಳಸಂಗದ ಬೇವಿನಮರದ ನೆರಳು ಮಂಗಳವೇಢೆಯ ಜೋಳದ ಹೊಲದ ಮೇಲೆ ಬೀಳುತ್ತಿತ್ತು, ನಾನು ಅದರ ಕೆಳಗೆ ಹಾದುಹೋಗುತ್ತಿದ್ದೆ.

ಒಬ್ಬ ಅರಿವೆ ವ್ಯಾಪಾರಿಯ ನೆನಪಾಗುತ್ತದೆ. ವೈದ್ಯರು ವ್ಯಾಯಾಮ ಮಾಡಿ ಅಂದಿದ್ದಾರೆ, ಒಳ್ಳೆ ರಸ್ತೆ ಬಿಟ್ಟು ಇಳಿಯುವ ಮಾತೇ ಇಲ್ಲ, ತೆಳ್ಳನೆ ಟೈರಿನ ರೇಸಿಂಗ್ ಸೈಕಲ್ಲೇ ಕೊಡಿ ಎಂದು ಹಟ ಹಿಡಿದರು. ಕೂರಿಸಿದೆ. ಕಣ್ಣು ಮುಚ್ಚಿ ಕೆರೆಯ ಸುತ್ತ ಒಂದು ಸುತ್ತು ಹಾಕಿದರು, ಊರ ಹೊರಗೆ ಬಂದರು. ಅಲ್ಲಿ ತುಳಿಯುವುದು ನಿಧಾನ ಮಾಡಿ, ಇಲ್ಲೊಂದು ಕಾಲುದಾರಿ ಇದೆ, ಶೇಂಗಾ ಕೀಳುತ್ತಿದ್ದಾರೆ, ವಾಸನೆ ಬರುತ್ತಿದೆ ಎಂದರು. ಥಟ್ಟನೆ ಕಣ್ಣು ಬಿಟ್ಟು, ಇದು ನಾನೇ ಹೇಳಿದೆನೇ ಎಂದು ನನ್ನನ್ನೇ ಕೇಳಿದರು. ನಾನು ರೇಸಿಂಗ್ ಸೈಕಲ್ ಕೊಡಲಿಲ್ಲ. ನಡುವಿನದೊಂದು ಕೊಟ್ಟೆ. ಆ ಶೇಂಗಾ ಹೊಲದವರು ಈಗ ಅವರಿಗೆ ಬೀಗರಂತಾಗಿದ್ದಾರೆ, ಹೋದಾಗಲೆಲ್ಲ ಚಹಾ ಕುಡಿಸಿ ಕಳಿಸುತ್ತಾರಂತೆ.

ಗಿಯರ್ ಸೈಕಲ್ಲುಗಳು ಬಂದಮೇಲೆ ಕಾಲ ಬದಲಾಯಿತು. ಮುಂದೆ ಸ್ಪ್ರಿಂಗು, ತೋಳಿನಷ್ಟು ದಪ್ಪ ಟೈರು, ಮೈತುಂಬ ಬಣ್ಣ. ಹಳ್ಳಿಯ ಕಚ್ಚಾ ದಾರಿಗೆ ದಪ್ಪ ಟೈರೇ ಬೇಕು ಎಂದು ಗಿರಾಕಿಯೂ ನಂಬಿದ, ನಾವೂ ನಂಬಿದೆವು. ಎಷ್ಟು ದಪ್ಪವೋ ಅಷ್ಟು ಗಟ್ಟಿ ಎನ್ನುವುದು ನಮ್ಮ ಲೆಕ್ಕ. ರೊಟ್ಟಿ ತೆಳ್ಳಗಿರಬೇಕು, ಉಳಿದದ್ದೆಲ್ಲ ದಪ್ಪಗಿರಬೇಕು ಎನ್ನುವ ಜನ ನಾವು.

ಮರವಡೆಯಿಂದ ಬಿರಾದಾರ ಮಾಸ್ತರರು ಬಂದದ್ದು ಅದೇ ಸುಮಾರಿನಲ್ಲಿ, ಬಿರುಬೇಸಿಗೆಯಲ್ಲಿ. ಮನೆಯಿಂದ ಸಾಲೆಗೆ ಹೋಗುವ ದಾರಿಯನ್ನು ಕಣ್ಣು ಮುಚ್ಚಿ ಬಲು ಚಂದ ಹೇಳಿದರು. ಅರ್ಧ ಡಾಂಬರು, ಅರ್ಧ ಎರೆ. ನೆಲ ಬಿರಿದಿದೆ, ಬಿರುಕಿನಲ್ಲಿ ಗಾಲಿ ಸಿಕ್ಕುತ್ತದೆ, ಹೆಂಟೆಯ ಮೇಲೆ ಎತ್ತಿಹಾಕುತ್ತದೆ ಎಂದರು. ಬಿರುಕಿಗೆ ಸಿಕ್ಕದಷ್ಟು ದಪ್ಪ ಟೈರು ಕೊಟ್ಟೆ. ಮಳೆ ಬಿದ್ದಮೇಲೆ ಮಾಸ್ತರರು ಎಸ್‌ಟಿ ಬಸ್ಸಿನಲ್ಲಿ ಬಂದರು. ಸೈಕಲ್ ತಂದಿರಲಿಲ್ಲ, ಅದರ ಮುಂದಿನ ಗಾಲಿಯನ್ನು ಮಾತ್ರ ಚೀಲದಲ್ಲಿ ಹಾಕಿ ತಂದಿದ್ದರು. ಟೈರಿನ ಸುತ್ತ ಎರೆಮಣ್ಣು ಮೆತ್ತಿ, ಒಣಗಿ, ಗಾಲಿಯೋ ಜೋಳ ಬೀಸುವ ಕಲ್ಲೋ ತಿಳಿಯುವಂತಿರಲಿಲ್ಲ. ಅದನ್ನು ಮಾಲಕರ ಮೇಜಿನ ಮೇಲೆ ಇಟ್ಟು, ಜಗಳಕ್ಕೂ ನಿಲ್ಲದೆ ಹೇಳಿದರು: "ಮಳಿಗಾಲದಾಗ ನಾ ಅದರ ಮ್ಯಾಲ ಕುಂತಿಲ್ರಿ. ಅದ ನನ್ನ ಹೆಗಲ ಮ್ಯಾಲ ಕುಂತದ."

ಮಾಲಕರು ಆ ಗಾಲಿಯನ್ನೇ ನೋಡಿದರು. ನನಗೆ ಇವತ್ತು ಮಂಗಳಾರತಿ ಎಂದು ತಲೆ ತಗ್ಗಿಸಿ ನಿಂತೆ. ಅವರು ಎದ್ದು ಹೋಗಿ, ಸಾಲಾಗಿ ನಿಂತಿದ್ದ ಹೊಸ ಸೈಕಲ್ಲುಗಳ ಪೈಕಿ ಒಂದರ ಮುಂದೆ ಬಗ್ಗಿದರು. ಮುಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದಿರುವ ಚಿಮಟಾ ಇರುತ್ತದಲ್ಲ, ಆ ಚಿಮಟಾಕ್ಕೂ ಟೈರಿಗೂ ನಡುವೆ ತಮ್ಮ ಬೆರಳು ತೂರಿಸಿದರು. ಹೋಗಲಿಲ್ಲ. ಮುಂದಿನದಕ್ಕೆ ಹೋದರು, ಅದರಲ್ಲೂ ಹೋಗಲಿಲ್ಲ. ಸಾಲಿನ ಕೊನೆಗೆ ನಿಂತಿದ್ದ ಮಧ್ಯಮ ದಪ್ಪದ ಟೈರಿನ ಸೈಕಲ್ಲಿನಲ್ಲಿ ಬೆರಳು ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂತು. ಮಾಸ್ತರರಿಗೆ ಅದನ್ನೇ ಬದಲಿಗೆ ಕೊಟ್ಟು ಕಳಿಸಿದರು. ಆಮೇಲೆ ನನ್ನತ್ತ ತಿರುಗಿ, "ದಾರಿ ಕೇಳ್ತಿ, ಯಾವ ತಿಂಗಳದಾಗಿನ ದಾರಿ ಅಂತ ಯಾಕ ಕೇಳೂದಿಲ್ಲ?" ಎಂದರು, ಅಷ್ಟೇ. ಅವರ ಮೇಲೆ ನನಗಿದ್ದ ಪ್ರೀತಿ ಆ ದಿನ ಇಮ್ಮಡಿಯಾಯಿತು.

ಹೊಸಬರೇ, ನೀವು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಗಿರಾಕಿ ಬೇಸಿಗೆಯಲ್ಲಿ ಬಂದರೆ ಬೇಸಿಗೆಯ ದಾರಿಯನ್ನೇ ಹೇಳುತ್ತಾನೆ, ಶ್ರಾವಣದ ದಾರಿ ಅವನಿಗೂ ನೆನಪಿರುವುದಿಲ್ಲ. ಎರೆಮಣ್ಣಿನಲ್ಲಿ ದಪ್ಪ ಟೈರು ಮಣ್ಣನ್ನು ಹೊತ್ತುಕೊಂಡು ಬರುತ್ತದೆ. ಹಾಗೆಂದು ತೀರ ತೆಳ್ಳಗಿನದು ಕೊಟ್ಟರೆ ಮೊದಲನೆಯ ಜಾಲಿಮುಳ್ಳಿಗೇ ಗಾಳಿ ಬಿಡುತ್ತದೆ. ಹೆಬ್ಬೆರಳಿಗಿಂತ ಕೊಂಚ ದಪ್ಪ ಇರಲಿ, ಮೆತ್ತಿದ ಮಣ್ಣು ಸಿಕ್ಕಿಕೊಳ್ಳದಂತೆ ಅದರ ಸುತ್ತ ಬೆರಳಾಡುವಷ್ಟು ಜಾಗವಿರಲಿ. ಮಡ್‌ಗಾರ್ಡನ್ನು ಮಳೆಗಾಲದಲ್ಲಿ ಬಿಚ್ಚಿಡಲು ಬರುವಂತಿರಲಿ. ಡಾಂಬರಿನ ಮೇಲೆ ಗಾಳಿ ಗಟ್ಟಿ ಇರಲಿ, ಮಣ್ಣಿಗೆ ಇಳಿಯುವ ಮುಂಚೆ ಒಂದಿಷ್ಟು ಬಿಡಲಿ. ಹ್ಯಾಂಡಲ್ ನೆಟ್ಟಗಿರಲಿ, ಬಗ್ಗಿ ಓಡಿಸಿದರೆ ನಮ್ಮ ದಾರಿಯಲ್ಲಿ ನೋಡಬೇಕಾದ್ದು ಒಂದೂ ಕಾಣುವುದಿಲ್ಲ.

ಗಿಯರಿನ ಮಾತು. ಇಲ್ಲಿ ಗುಡ್ಡವೆಲ್ಲಿದೆ, ಗಿಯರ್ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಆಷಾಢದಲ್ಲಿ ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಸೈಕಲ್ ತುಳಿದವರು ಹೀಗೆ ಕೇಳುವುದಿಲ್ಲ. ಪಡುವಣ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತದೆ. ನಮ್ಮ ಸೀಮೆಯ ಗುಡ್ಡ ಅದೇ, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹತ್ತಲು ನಾಲ್ಕಾರು ಗಿಯರ್ ಸಾಕು, ರಾಶಿ ಬೇಡ. ಈಗಿನವರು ಮೊಬೈಲಿನಲ್ಲಿ ನೋಡಿ ಬಂದು ಹೈಬ್ರಿಡ್ ಕೊಡಿ ಎನ್ನುತ್ತಾರೆ. ಪ್ರಾಜಕ್ತಾ ಅಂಥವನ್ನೇ ಹೆಚ್ಚು ತರಿಸುತ್ತಾಳೆ. ಒಳ್ಳೆಯದೇ, ಅದೂ ಈ ನಡುವಿನ ಜಾತಿಯದೇ. ಆದರೂ ಬೆರಳು ತೂರಿಸಿ ನೋಡದೆ ಕೊಡಬೇಡಿ.

ಇಷ್ಟೆಲ್ಲ ಹೇಳಬಲ್ಲವನು ತನ್ನದೊಂದನ್ನು ಯಾಕೆ ಆರಿಸಲಿಲ್ಲ ಎಂಬುದಕ್ಕೆ ಬರುತ್ತೇನೆ. ಬೀಳ್ಕೊಡುಗೆಯ ಮರುದಿನವೇ ನಾನು ಅಂಗಡಿಗೆ ಹೋಗಿ ಒಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಕೂತಿದ್ದೆ. ಕಣ್ಣು ಮುಚ್ಚಿದೆ, ತುಳಿದೆ. ಏನೂ ಬರಲಿಲ್ಲ. ನನ್ನ ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ ಇದೆ. ಹೊಸ ಸೈಕಲ್ ಪರೀಕ್ಷೆ ಮಾಡಲು ಚೌಕದವರೆಗೆ ಹೋಗಿ ತಿರುಗಿ ಬರುತ್ತಿದ್ದೆ, ಅದರಾಚೆ ಎಂದೂ ಸೈಕಲ್ ತುಳಿದವನಲ್ಲ. ಸಿದ್ರಾಮನ ದಾರಿ ಬಂತು, ಮಾಸ್ತರರ ದಾರಿ ಬಂತು, ಶೇಂಗಾ ವಾಸನೆಯೂ ಬಂತು. ಅವೆಲ್ಲ ಅವರವು. ಊರಿಗೆಲ್ಲ ದಾರಿಗೆ ತಕ್ಕ ಸೈಕಲ್ ಕೊಟ್ಟು ನಾನು ಮಾತ್ರ ಸ್ಟ್ಯಾಂಡಿನ ಮೇಲೆ ಗಾಲಿ ತಿರುಗಿಸುತ್ತ ಕುಳಿತುಬಿಟ್ಟೆನೇ ಎನ್ನಿಸಿ ಕೆಳಗಿಳಿದೆ. ಹೋಗುವುದಕ್ಕೆ ಒಂದು ಕಡೆಯೂ ಇಲ್ಲದವನಿಗೆ ಸೈಕಲ್ ಯಾಕೆ? ಸುಮ್ಮನೆ ತೆಗೆದುಕೊಂಡು ಮೂಲೆಗೆ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ಬಿಟ್ಟುಬಿಡಲು ಇನ್ನೂ ಒಪ್ಪಲಿಲ್ಲ. ಹೀಗೆ ನಾಳೆ ನಾಳೆ ಎನ್ನುತ್ತ ಉಳಿದೆ.

ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರಪಂಚಮಿ ಹತ್ತಿರ ಬಂದಿತ್ತು. ನಾನು ಹಳೆಯ ರೂಢಿಯಂತೆ ಅಂಗಡಿಗೆ ಚಹಾಕ್ಕೆ ಹೋಗಿದ್ದೆ. ಮಹಾನಂದಾ ಸಂತೆಯಿಂದ ಬರುತ್ತ, ನನ್ನನ್ನು ಕರೆದುಕೊಂಡು ಹೋಗಲು ಅಂಗಡಿಯ ಮೆಟ್ಟಿಲು ಹತ್ತಿದಳು. ಪ್ರಾಜಕ್ತಾ ಚೇಷ್ಟೆಗೆ, "ಕಾಕೂ, ಇವರ ಕಡಿಂದ ಆಗೂದಿಲ್ಲ. ನೀವರೆ ಆರಿಸ್ರಿ" ಎಂದಳು. ಮಹಾನಂದಾ ಕಾಯಿಪಲ್ಲೆಯ ಚೀಲ ಕೆಳಗಿಟ್ಟಳು. ಸೆರಗು ಸಿಕ್ಕಿಸಿಕೊಂಡಳು. ಸ್ಟ್ಯಾಂಡ್ ಹಾಕಿದ್ದ, ನಡುವಿನ ಕೊಳವೆ ಕೆಳಗಿದ್ದ ಒಂದು ಸೈಕಲ್ಲಿನ ಹತ್ತಿರ ಹೋಗಿ, ಏರುವ ಮುಂಚೆ ಕಾಲಿನ ತುದಿಯಿಂದ ಪೆಡಲನ್ನು ಹಿಂದಕ್ಕೆ ತಿರುಗಿಸಿ, ಮೇಲಕ್ಕೆ ತಂದು ನಿಲ್ಲಿಸಿದಳು.

ನನ್ನ ಕೈಯಲ್ಲಿದ್ದ ಚಹಾ ಕೈಯಲ್ಲೇ ಉಳಿಯಿತು. ಸೈಕಲ್ ಬಾರದವರು ಪೆಡಲು ಎಲ್ಲಿದೆಯೋ ಅಲ್ಲೇ ಕಾಲಿಡುತ್ತಾರೆ. ಕಾಲಿಗೆ ಬೇಕಾದ ಜಾಗಕ್ಕೆ ಅದನ್ನು ತಂದುಕೊಳ್ಳುವವರು ಓಡಿಸಿದವರು ಮಾತ್ರ.

"ನಿನಗ ಸೈಕಲ್ ಬರ್ತದ?" ಎಂದೆ.

"ಬರ್ತದ್ರಿ."

"ಯಾವಾಗಿಂದ?"

"ಸಾಲಿಗಿ ಹೋಗಾಗಿಂದ. ನಮ್ಮ ಅಣ್ಣಂದಿತ್ತು. ನೀವು ಕೇಳಿಲ್ಲ, ನಾ ಹೇಳಿಲ್ಲ."

ಅದರಲ್ಲಿ ದೂರು ಇರಲಿಲ್ಲ. ಅವಳು ಆಗಲೇ ಕಣ್ಣು ಮುಚ್ಚಿ ತುಳಿಯತೊಡಗಿದ್ದಳು. ಯಾರೂ ದಾರಿ ಹೇಳು ಎನ್ನಲಿಲ್ಲ, ತಾನೇ ಹೇಳಿದಳು. ಅಕ್ಕಲಕೋಟದ ಸಾಲೆ ಬಿಟ್ಟಮೇಲೆ ಸ್ವಲ್ಪ ದೂರ ಡಾಂಬರು. ಆಮೇಲೆ ಎಡಕ್ಕೆ ಇಳಿಯಬೇಕು, ಎಳ್ಳಿನ ಹೊಲ, ಬಿಳಿ ಹೂ ಬಿಟ್ಟಿದೆ. ಅದು ದಾಟಿದರೆ ಹಳ್ಳ. ಹಳ್ಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಸೈಕಲ್ ನೂಕಬೇಕು, ನೀರು ಮೊಣಕಾಲಿಗೆ ಬರುತ್ತದೆ. ಹಳ್ಳದ ಆಚೆಗೆ ಏರು, ಏರಿನ ಮೇಲೆ ನಿಂತರೆ ತವರುಮನೆಯ ಮಾಳಿಗೆ ಕಾಣುತ್ತದೆ. ಅಲ್ಲಿಂದ ಮುಂದೆ ತುಳಿಯುವುದೇ ಬೇಡ, ತಾನಾಗಿಯೇ ಇಳಿದುಹೋಗುತ್ತದೆ. ಹಾಗೆನ್ನುತ್ತ ಅವಳು ಪೆಡಲು ನಿಲ್ಲಿಸಿದಳು. ಗಾಲಿ ಬಹಳ ಹೊತ್ತು ತಿರುಗಿತು. ನಾನು ಚಹಾ ಕೆಳಗಿಟ್ಟೆ.

ಅವಳ ತವರಿಗೆ ನಾನು ಹೋಗಿಲ್ಲವೆಂದಲ್ಲ. ಮದುವೆ ಮುಂಜಿಗೆ ಎಸ್‌ಟಿಯಲ್ಲಿ, ಜೀಪಿನಲ್ಲಿ, ಸುತ್ತುಬಳಸಿನ ರಸ್ತೆಯಲ್ಲಿ ತೂಕಡಿಸುತ್ತ ಹೋಗಿದ್ದೇನೆ. ಹೊಲದೊಳಗಿನ ಈ ದಾರಿಯನ್ನು ಕೇಳಿಯೂ ಇರಲಿಲ್ಲ. ನನ್ನ ಕೈಗೆ ಈಗ ಕೆಲಸ ಸಿಕ್ಕಿತು. ಶ್ರಾವಣ ಮಾಸ, ಎರೆ, ಹಳ್ಳ, ಏರು, ಐವತ್ತು ದಾಟಿದ ಮೊಣಕಾಲು. ಬಗ್ಗಿ ಬೆರಳು ತೂರಿಸಿ ನೋಡಿದೆ. ಅವಳು ಕೂತಿದ್ದ ಸೈಕಲ್ಲೇ ಸರಿಯಾಗಿತ್ತು, ಸೀಟು ಮಾತ್ರ ಒಂದಿಷ್ಟು ಇಳಿಸಬೇಕಿತ್ತು. ನನ್ನ ಪಾಲಿನ ಉಡುಗೊರೆಯನ್ನು ಅವಳ ಹೆಸರಿಗೆ ಮಾಡು ಎಂದು ಪ್ರಾಜಕ್ತಾಳಿಗೆ ಹೇಳಿದೆ. ಅಂಥದ್ದೇ ಗಂಡಸರದೊಂದನ್ನು ನಾನೇ ಕೊಂಡೆ, ಆಯುಷ್ಯದಲ್ಲಿ ಮೊದಲ ಸಲ ಆ ಅಂಗಡಿಯ ಗಿರಾಕಿಯಾಗಿ.

ಪಂಚಮಿಯ ಮುನ್ನಾದಿನ ಅಂಗಡಿಯ ಟೆಂಪೋ ನಮ್ಮನ್ನೂ ಎರಡು ಸೈಕಲ್ಲುಗಳನ್ನೂ ಅಕ್ಕಲಕೋಟದಲ್ಲಿ ಇಳಿಸಿತು. ಮಹಾನಂದಾ ಸೊಸೆಯ ಪಂಜಾಬಿ ಡ್ರೆಸ್ ಹಾಕಿಕೊಂಡಿದ್ದಳು. ಅಲ್ಲಿನ ಗುಡಿಗೆ ದರ್ಶನಕ್ಕೆ ಬಂದ ಜನರ ಗದ್ದಲ ದಾಟುವವರೆಗೆ ನಾಚಿಕೊಂಡಳು, ಆಮೇಲೆ ಮರೆತಳು. ಗಾಳಿ ಬೆನ್ನ ಹಿಂದಿತ್ತು. ಡಾಂಬರಿನ ಮೇಲೆ ನಾವು ಅಕ್ಕಪಕ್ಕದಲ್ಲೇ ಹೋದೆವು. ಮೋಡ ಕವಿದ ಬೆಳಕು ಹೊಲಗಳ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಇದು ಎಚ್ಚರವೋ ಮಧ್ಯಾಹ್ನದ ನಿದ್ದೆಯೋ ಎಂದು ನನಗೆ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಎಡಕ್ಕೆ ಇಳಿಯುವಲ್ಲಿ ಅವಳು ನಿಲ್ಲಲಿಲ್ಲ. ನಾನು ನಿಂತೆ. ಗಾಲಿಯ ಕೆಳಗೆ ಮೆತ್ತಗಿನ ನೆಲ ಹೇಗಿರುತ್ತದೆ ಎಂದು ನೂರು ಜನ ನನಗೆ ಹೇಳಿದ್ದರು, ನನ್ನ ಕಾಲಿಗೆ ಗೊತ್ತಿರಲಿಲ್ಲ. ಇಳಿಸಿದೊಡನೆ ಹ್ಯಾಂಡಲ್ ತಾನೇ ತಾನಾಗಿ ಹೊರಳಿತು. ಅವಳು ಮುಂದೆ, ಬಂಡಿಯ ಗಾಲಿ ಕೊರೆದ ಚಾಕೋರಿ ಬಿಟ್ಟು, ಹುಲ್ಲು ಹಬ್ಬಿದ ಅಂಚಿನ ಮೇಲೆ ಸಲೀಸಾಗಿ ಹೋಗುತ್ತಿದ್ದಳು. ನಾನೂ ಹುಲ್ಲಿನ ಅಂಚು ಹಿಡಿದೆ.

ಎಳ್ಳಿನ ಹೊಲವಿದ್ದಲ್ಲಿ ಈಗ ತೊಗರಿ ಇತ್ತು. ಹಳ್ಳದ ಈಚೆ ಒಬ್ಬ ಮುದುಕಿ ಎಮ್ಮೆ ಮೇಯಿಸುತ್ತ ನಿಂತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಗುರುತು ಹಿಡಿದು, "ಮಾನಂದಾ ಏನ? ಹಿಂದ ಯಾರವಾ ಅದು?" ಎಂದು ಕೇಳಿದಳು.

ಮಹಾನಂದಾ ತುಳಿಯುವುದನ್ನು ನಿಲ್ಲಿಸದೆ ಹೇಳಿದಳು:

"ನಮ್ಮ ಮನಿಯವ್ರು ಆಯಿ. ದಾರಿ ಗೊತ್ತಿಲ್ಲ ಅವರಿಗಿ, ಕರಕೊಂಡ ಹೊಂಟೀನಿ."

ಮುದುಕಿ ನನ್ನತ್ತ ನೋಡಿದಳು. ನಾನು ಹೌದೆಂದು ತಲೆ ಆಡಿಸಿ ಮಹಾನಂದಾಳ ಹಿಂದೆ ನೀರಿಗೆ ಇಳಿದೆ.